ಬ್ರೇಕಿಯಲ್ ಪ್ಲೆಕ್ಸಸ್ ಪಾಠಕ್ಕೆ 4 ನಿಮಿಷದ ವಿಡಿಯೊ

ಅನಾಟಮಿ ಕಲಿಸುವವರಿಗೆ ಒಂದು ಸಣ್ಣ ಸಲಹೆ. ತ್ರೀಡಿ ಆ್ಯಪ್ ತೆರೆದು ತೋಳಿನ ನರಗಳನ್ನೆಲ್ಲ ಒಟ್ಟಿಗೆ ಗಿರಗಿರ ತಿರುಗಿಸಬೇಡಿ, ನೋಡೋಕೆ ಚೆಂದ ಅಷ್ಟೇ, ತಲೆಯಲ್ಲಿ ಏನೂ ಉಳಿಯುವುದಿಲ್ಲ.

ಮೊದಲು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕೆಳಗೆ ಬಿಳಿ ಹಾಳೆ ಇಟ್ಟು, ಬ್ರೇಕಿಯಲ್ ಪ್ಲೆಕ್ಸಸ್ (ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳ ಜಾಲ) ಬರೆಯುತ್ತಾ ವಿಡಿಯೊ ಮಾಡಿ. ಬೆನ್ನುಹುರಿಯ ಸಿ5 ನರದಿಂದ ಟಿ1 ನರದವರೆಗೆ 5 ರೂಟ್ (ಬೇರು), ಅವು ಸೇರಿ 3 ಟ್ರಂಕ್, ಒಡೆದು 6 ಡಿವಿಷನ್, ಮತ್ತೆ ಸೇರಿ 3 ಕಾರ್ಡ್. ಹಂತಕ್ಕೊಂದು ಬಣ್ಣದ ಪೆನ್ನು. 4 ನಿಮಿಷ ಸಾಕು. ನನ್ನ ಮೊದಲ ವಿಡಿಯೊ 22 ನಿಮಿಷ ಇತ್ತು, ಯಾರೂ ಪೂರ್ತಿ ನೋಡಲಿಲ್ಲ!

ಪಾಠದ ಹಿಂದಿನ ರಾತ್ರಿಯೇ ವಿದ್ಯಾರ್ಥಿಗಳ ಗ್ರೂಪಿಗೆ ಹಾಕಿ. ಮರುದಿನ ಡಿಸೆಕ್ಷನ್ ಹಾಲ್‌ನಲ್ಲಿ (ಮೃತದೇಹ ಬಿಡಿಸಿ ಕಲಿಯುವ ಕೋಣೆ) ಕಂಕುಳ ಬಿಡಿಸಿದಾಗ, ಆಕ್ಸಿಲರಿ ಆರ್ಟರಿಯ (ಕಂಕುಳಿನ ಮುಖ್ಯ ರಕ್ತನಾಳ) ಮುಂದೆ ನರಗಳ ಇಂಗ್ಲಿಷ್ ಎಂ ಆಕಾರ ಕಂಡರೆ ಉಳಿದದ್ದನ್ನು ಅವರೇ ಹುಡುಕುತ್ತಾರೆ. ಆ್ಯಪ್ ಬೇಕಾಗುವುದು ಆಮೇಲೆ. ಪೋಸ್ಟೀರಿಯರ್ ಕಾರ್ಡ್ ಆರ್ಟರಿಯ ಹಿಂದಿದೆ ಅಂತ ಹತ್ತು ಸಲ ಹೇಳುವುದಕ್ಕಿಂತ ಒಮ್ಮೆ ತಿರುಗಿಸಿ ತೋರಿಸಿದರೆ ಆಯ್ತು, ಅಲ್ವಾ?

ಆದರೆ ಆ್ಯಪ್‌ನಲ್ಲಿರುವುದು ಒಂದೇ ಮಾದರಿ ದೇಹ. ನಿಜ ದೇಹದಲ್ಲಿ ಮಸ್ಕ್ಯುಲೋಕ್ಯುಟೇನಿಯಸ್ ನರ ತೋಳಿನ ಕೊರಾಕೋಬ್ರೇಕಿಯಾಲಿಸ್ ಸ್ನಾಯುವನ್ನು ಎಂದಿನಂತೆ ತೂರದೆ ಹೋಗುವುದೂ ಉಂಟು, ಅದನ್ನು ಟೇಬಲ್ ಮೇಲೆಯೇ ನೋಡಬೇಕು. ಮತ್ತೆ, ಹಾಲ್ ಒಳಗೆ ಮಾತ್ರ ಮೊಬೈಲ್ ಕ್ಯಾಮೆರಾ ಬೇಡ. ಅಲ್ಲಿ ಮಲಗಿರುವವರು ದೇಹದಾನ ಮಾಡಿದವರು.