ಕ್ಯಾಂಪರ್‌ಗೆಂದು ವ್ಯಾನ್ ಕೊಳ್ಳುವ ಮುನ್ನ ಅದರೊಳಗೆ ಮಲಗಿ ನೋಡಿ

ಕ್ಯಾಂಪರ್, ಅಂದರೆ ಒಳಗೇ ಮಲಗಿ, ಅಡುಗೆ ಮಾಡಿಕೊಂಡು ತಿರುಗುವ ಗಾಡಿ ಮಾಡಲೆಂದು ವ್ಯಾನ್ ನೋಡಲು ಹೋಗುವಾಗ ನಾನು ಅಳತೆಯ ಟೇಪು, ಟಾರ್ಚು ಮತ್ತು ಒಂದು ಹಳೆಯ ಚಾಪೆಯನ್ನು ಒಯ್ಯುತ್ತೇನೆ. ಚಾಪೆಯನ್ನು ಮೊದಲು ಗಾಡಿಯೊಳಗೆ ಅಡ್ಡಲಾಗಿ ಹಾಸಿ ಮಲಗುತ್ತೇನೆ. ಕಾಲು ಚಾಚಲು ಆದರೆ ಗಿಡ್ಡ ವ್ಯಾನೇ ಸಾಕು. ಆಗದಿದ್ದರೆ ಹಾಸಿಗೆ ಉದ್ದಕ್ಕೆ ಬರಬೇಕು, ಗಾಡಿಯೂ ಉದ್ದವಾಗಬೇಕು, ಹೆಚ್ಚಿದ ತೂಕಕ್ಕೆ ಡೀಸೆಲ್ ಸುಡುತ್ತಲೇ ಇರಬೇಕು.

ನಮ್ಮಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಒದಗುವುದು ಎಲ್ಲರೂ ಟಿಟಿ ಎನ್ನುವ ಫೋರ್ಸ್ ಟ್ರಾವೆಲರ್ ಮತ್ತು ಟಾಟಾ ವಿಂಗರ್. ಈಗಿನ ವಿಂಗರ್‌ನದು 2.2 ಲೀಟರ್ ಎಂಜಿನ್, ಎಳೆಯುವುದು ಮುಂದಿನ ಚಕ್ರ. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಇಲ್ಲದ್ದರಿಂದ ನೆಲ ತಗ್ಗಿನಲ್ಲಿದೆ. ಇಬ್ಬರೇ ಹೆದ್ದಾರಿಯಲ್ಲಿ ಓಡಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಹಾಸಿಗೆ, ನೀರಿನ ಟ್ಯಾಂಕ್ ಎಲ್ಲ ಹಿಂದೆ ಕೂತ ಮೇಲೆ, ಮಲೆನಾಡಿನ ತೋಟದ ಕೆಸರು ಏರಿನಲ್ಲಿ ಮುಂದಿನ ಚಕ್ರ ಹಿಡಿತ ಕಳೆದುಕೊಂಡು ಸುಮ್ಮನೆ ತಿರುಗುತ್ತದೆ. ಅಂಥ ದಾರಿಯೇ ನಿಮ್ಮದಾದರೆ ಹಿಂದಿನ ಚಕ್ರ ತಳ್ಳುವ, 2.6 ಲೀಟರ್ ಎಂಜಿನ್ನಿನ ಟ್ರಾವೆಲರ್ ಕೊಳ್ಳಿ.

ಮೈಲೇಜ್ ಎಷ್ಟೆಂದು ಮಾರುವವರನ್ನು ಕೇಳುವುದಕ್ಕಿಂತ ಮುಖ್ಯವಾದುದು, ನೀವು ಒಳಗೆ ಏನೇನು ತುಂಬುತ್ತೀರಿ ಎಂಬುದು. 12 ಮಿ.ಮೀ. ದಪ್ಪದ, ಎಂಟಕ್ಕೆ ನಾಲ್ಕು ಅಡಿಯ ಒಂದು ಪ್ಲೈವುಡ್ ಹಾಳೆಯೇ 20 ಕೆ.ಜಿ. ಮೀರುತ್ತದೆ. 80 ಲೀಟರ್ ನೀರು ಎಂದರೆ 80 ಕೆ.ಜಿ. ನನ್ನ ಮೊದಲ ಟ್ರಾವೆಲರ್ ಖಾಲಿಯಿದ್ದಾಗ ಲೀಟರಿಗೆ 12 ಕಿ.ಮೀ. ಓಡುತ್ತಿತ್ತು. ತೇಗದ ಕಪಾಟು, ಮೇಲೆ ಕಬ್ಬಿಣದ ಕ್ಯಾರಿಯರ್ ಕೂರಿಸಿದ ಮೇಲೆ ಒಂಬತ್ತೂವರೆಗೆ ಇಳಿಯಿತು. ಕ್ಯಾರಿಯರ್ ಬಿಚ್ಚಿದ ದಿನವೇ ಗಾಳಿಯ ಭೋರ್ಗರೆತ ನಿಂತಿತು. ಎತ್ತರದ ಗಾಡಿಗೆ ಗಾಳಿಯೇ ದೊಡ್ಡ ಹೊರೆ: 80ರ ಬದಲು 100ರಲ್ಲಿ ಓಡಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟು ದಾಟುತ್ತದೆ. ಆದ್ದರಿಂದ ಒಳಗೆ ನಿಂತು ಅಡುಗೆ ಮಾಡಲೇಬೇಕೆಂಬ ಹಟ ಇಲ್ಲದವರು ತಗ್ಗು ಚಾವಣಿಯದನ್ನು ಹುಡುಕಲಿ.

ಹಳೆಯ ಗಾಡಿಯಾದರೆ ಚಾಪೆಯನ್ನು ಹೊರಗೆ ಹಾಸಿ ಅಡಿಗೆ ನುಸುಳಿ. ಹಿಂದಿನ ಚಕ್ರದ ಮೇಲಿನ ಕಮಾನಿನಂಥ ತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿ. ಗಟ್ಟಿ ತಗಡು ಠಣ್ ಎನ್ನುತ್ತದೆ. ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡಿ ಕಂದು ಪುಡಿ ಉದುರಿಸುತ್ತದೆ. ಕರಾವಳಿಯಲ್ಲಿ ಓಡಿದ ಗಾಡಿಯಲ್ಲಿ ಇದನ್ನು ಬಿಡದೆ ನೋಡಿ. ಆಮೇಲೆ ಟ್ಯಾಂಕ್ ತುಂಬಿಸಿ, ನೂರು ಕಿ.ಮೀ. ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ ಮೈಲೇಜ್ ಲೆಕ್ಕ ಹಾಕಿ. ಇದಕ್ಕೆ ಒಪ್ಪದವರ ಗಾಡಿ ಬೇಡ.

ಮುಂಗಡ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಡಿಗೆ ಮಿತಿ ಹಾಕುತ್ತದೆ. ಆಸನಗಳ ಸಂಖ್ಯೆ, ಬಾಡಿಯ ಬಗೆ ಆರ್‌ಸಿಯಲ್ಲಿ ನಮೂದಾಗಿರುತ್ತವೆ. ಅನುಮತಿ ಕೈಗೆ ಬರುವವರೆಗೆ ಒಂದು ಸೀಟಿನ ಬೋಲ್ಟನ್ನೂ ಬಿಚ್ಚಬೇಡಿ.