ಸೋಗಾನೆ ಏಪ್ರನ್‌ನಲ್ಲಿ ವಿಮಾನಗಳಿಗೆ ಜಾಗ ಹೊಂದಿಸಿದ್ದು: ನನ್ನ ಅನುಭವ

ಸೋಗಾನೆಯಲ್ಲಿರುವ ನಮ್ಮ ಶಿವಮೊಗ್ಗ ವಿಮಾನ ನಿಲ್ದಾಣಕ್ಕೆ ರನ್‌ವೇ ಕೊರತೆ ಇಲ್ಲ. 3,200 ಮೀಟರ್ ಇದೆ. ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇಷ್ಟು ಉದ್ದದ್ದು ಇನ್ನೊಂದಿಲ್ಲ. ಆದರೆ ರ‍್ಯಾಂಪ್ ಕೆಲಸದವರಿಗೆ, ಅಂದರೆ ನಿಂತ ವಿಮಾನಗಳನ್ನು ನೋಡಿಕೊಳ್ಳುವ ನಮಗೆ, ಅದರಿಂದ ಏನೂ ಆಗಲ್ಲ. ಇಳಿದ ವಿಮಾನವನ್ನು ಏಪ್ರನ್‌ನಲ್ಲಿ, ಅಂದರೆ ವಿಮಾನ ನಿಲ್ಲುವ ಅಂಗಳದಲ್ಲಿ, ಎಲ್ಲಿ ನಿಲ್ಲಿಸೋದು ಅನ್ನೋದೇ ನಮ್ಮ ತಲೆನೋವು. ಹೊರಡುವ ಹೊತ್ತು ನೋಡಿ ಜಾಗ ಕೊಡೋಣ, ಬರುವ ಹೊತ್ತು ನೋಡಿ ಅಲ್ಲ ಅಂತ ನಾನು ಹೇಳಿದಾಗ ಒಪ್ಪಿದವರು ಇಬ್ಬರೋ ಮೂವರೋ. ಈಗ ಎರಡು ಮಳೆಗಾಲ ದಾಟಿದೆ, ವ್ಯವಸ್ಥೆ ನಡೆಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಲ್ದಾಣ ಉದ್ಘಾಟನೆ ಆಗಿದ್ದು 2023ರ ಫೆಬ್ರವರಿ 27ಕ್ಕೆ. ಆಗಸ್ಟ್ 31ರಂದು ಬೆಂಗಳೂರಿನಿಂದ ಇಂಡಿಗೋದ ಎಟಿಆರ್, ಅಂದರೆ ಪ್ರೊಪೆಲರ್ ಇರುವ ಪ್ರಯಾಣಿಕ ವಿಮಾನ, ಬಂದು ಇಳಿಯಿತು. ಒಂದು ಬರುತ್ತೆ, ಒಂದು ಹೋಗುತ್ತೆ, ಆಗ ಯಾರಿಗೂ ಚಿಂತೆ ಇರಲಿಲ್ಲ. ಆಮೇಲೆ ಹೈದರಾಬಾದ್, ಗೋವಾ, ತಿರುಪತಿ ಸೇರಿಕೊಂಡವು. ಮುಂದಿನ ವರ್ಷ ಚೆನ್ನೈ ಬಂತು. ಎಟಿಆರ್ ಜೊತೆಗೆ ಎಂಬ್ರೇಯರ್ ಜೆಟ್ ಬಂತು, ಕ್ಯೂ400 ಅನ್ನೋ ಇನ್ನೊಂದು ಪ್ರೊಪೆಲರ್ ವಿಮಾನ ಬಂತು. ನಡುವೆ ಮದುವೆ, ಚುನಾವಣೆ ಅಂತ ಬಾಡಿಗೆ ವಿಮಾನಗಳು ಬೇರೆ.

ನಿಲ್ಲಿಸೋಕೆ ಜಾಗ ಸಾಲದ್ದಕ್ಕೆ ವಿಮಾನ ಜಾಸ್ತಿ ಆಗಿದ್ದೇ ಕಾರಣ ಅಂತ ಎಲ್ಲರೂ ಅಂದುಕೊಂಡರು. ನನಗೆ ಹಾಗೆ ಅನ್ನಿಸಲಿಲ್ಲ. ಇಡೀ ದಿನಕ್ಕೆ ಹಂಚಿದರೆ ನಮ್ಮ ಏಪ್ರನ್ ಧಾರಾಳ ಸಾಕು. ತೊಂದರೆ ಇದ್ದಿದ್ದು ಹೊತ್ತಿನಲ್ಲಿ. ಶುರುವಿನ ಕಾಲದಲ್ಲಿ ಇಲ್ಲಿ ಹಗಲಿನ ಹಾರಾಟ ಮಾತ್ರ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಮಂಜು. ಜುಲೈಯಲ್ಲಿ ಮೋಡ ತಲೆ ಮೇಲೇ ಕೂತಿರುತ್ತೆ. ಕಣ್ಣಳತೆಯಲ್ಲಿ ಇಳಿಯಬೇಕಾದರೆ ಐದು ಕಿಲೋಮೀಟರ್ ಕಾಣಬೇಕು. ಕಾಣೋವರೆಗೆ ಯಾರೂ ಬರಲ್ಲ, ಕಂಡ ಕೂಡಲೇ ಎಲ್ಲರೂ ಬರುತ್ತಾರೆ. ಬೆಳಗಿನದ್ದು, ಮಧ್ಯಾಹ್ನದ್ದು, ಬಾಡಿಗೆಯದ್ದು ಎಲ್ಲ ಎರಡು ಗಂಟೆಯೊಳಗೆ ಬಂದು ಬೀಳುತ್ತವೆ. ಹೆಚ್ಚು ಕಾಂಕ್ರೀಟ್ ಹಾಕಿ ಅನ್ನೋದು ಸುಲಭ. ಅದಕ್ಕೆ ಕೋಟಿಗಟ್ಟಲೆ ಹಣ ಬೇಕು, ವರ್ಷಗಳು ಬೇಕು. ಮಂಜು ಅಲ್ಲಿವರೆಗೆ ಕಾಯಲ್ಲ.

ದುಡ್ಡಿನ ಕಡೆಯಿಂದಲೂ ಒಂದು ಗಂಟು ಇದೆ. ಉಡಾನ್ (ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರ ಸರ್ಕಾರದ ಯೋಜನೆ) ಮಾರ್ಗದ ವಿಮಾನಕ್ಕೆ ಇಳಿಯುವ ಶುಲ್ಕವೂ ಇಲ್ಲ, ನಿಲ್ಲುವ ಶುಲ್ಕವೂ ಇಲ್ಲ. ಯೋಜನೆ ಒಳ್ಳೆಯದು, ಅದಿಲ್ಲದೆ ನಮ್ಮೂರಿಗೆ ವಿಮಾನವೇ ಬರುತ್ತಿರಲಿಲ್ಲ. ಆದರೆ ಅರ್ಧ ಗಂಟೆ ಜಾಸ್ತಿ ನಿಂತರೂ ಕಂಪನಿಗೆ ಬಿಲ್ ಬರಲ್ಲ. ಹಾಗಾಗಿ ಬೇಗ ಬಿಡಿ ಅಂತ ನಾವು ಎಷ್ಟು ಹೇಳಿದರೂ ಕಿವಿಗೆ ಬೀಳಲ್ಲ. ದುಡ್ಡಿನ ಭಾಷೆಯಲ್ಲೇ ಹೇಳಬೇಕು ಅಂತ ನಾನು ಬೇರೆ ಲೆಕ್ಕ ಹಿಡಿದೆ. ಆಕಾಶದಲ್ಲಿ ಸುತ್ತುವ ಎಟಿಆರ್ ಗಂಟೆಗೆ ಸುಮಾರು 600-700 ಕೆಜಿ ಇಂಧನ ಕುಡಿಯುತ್ತೆ. ಇಲ್ಲಿ ನಿಮ್ಮ ಒಂದು ವಿಮಾನ ಸುಮ್ನೆ ನಿಂತಿದ್ದರೆ ನಾಳೆ ನಿಮ್ಮದೇ ಇನ್ನೊಂದು ಮೇಲೆ ಸುತ್ತಬೇಕು, ಅಲ್ವಾ? ಹೀಗೆ ಕೇಳಿದ ಮೇಲೆ ಸ್ಟೇಷನ್ ಮ್ಯಾನೇಜರ್ ಒಬ್ಬರು ಕುರ್ಚಿ ಎಳೆದುಕೊಂಡು ಕೂತರು.

ಅವರಿಗೆ ತೋರಿಸಿದ್ದು ಅಡಿಕೆ ಹಾಳೆಯ ವಿಮಾನಗಳನ್ನು. ತೀರ್ಥಹಳ್ಳಿಯ ನಮ್ಮ ತೋಟದಿಂದ ಹಾಳೆ ತಂದು, ನೆನೆಸಿ, ಇಸ್ತ್ರಿ ಮಾಡಿದ ಹಾಗೆ ಒತ್ತಿ ಒಣಗಿಸಿ ಕತ್ತರಿಸಿದ್ದೆ. ಇನ್ನೂರಕ್ಕೆ ಒಂದರ ಅಳತೆ. ಎಟಿಆರ್ ರೆಕ್ಕೆ 27 ಮೀಟರ್, ಹಾಳೆಯಲ್ಲಿ ಹದಿಮೂರೂವರೆ ಸೆಂಟಿಮೀಟರ್. ಕ್ಯೂ400 ರೆಕ್ಕೆ 28.4, ಉದ್ದ ಹತ್ತಿರ ಹತ್ತಿರ 33 ಮೀಟರ್. ಪ್ಲೈವುಡ್ ಮೇಲೆ ಏಪ್ರನ್ ಗೀಚಿದೆ. ಸಿ ವರ್ಗದ (ರೆಕ್ಕೆ 24ರಿಂದ 36 ಮೀಟರ್ ಒಳಗಿನ) ವಿಮಾನಕ್ಕೆ ರೆಕ್ಕೆ ತುದಿಯಿಂದ ನಾಲ್ಕೂವರೆ ಮೀಟರ್ ಬಿಡಬೇಕಲ್ಲ, ಅದಕ್ಕೆ ಹಿಡಿಕಡ್ಡಿಯನ್ನು ಎರಡೂಕಾಲು ಸೆಂಟಿಮೀಟರ್‌ಗೆ ಮುರಿದುಕೊಂಡೆ. ಎರಡು ರೆಕ್ಕೆ ನಡುವೆ ಕಡ್ಡಿ ಅಡ್ಡ ಕೂತರೆ ಪ್ಲಾನ್ ಪಾಸ್, ಕೂರದಿದ್ದರೆ ರದ್ದು. ರಟ್ಟಿನಲ್ಲಿ ಮೊದಲು ಮಾಡಿದ್ದೆ, ಮಳೆಗಾಲದ ತೇವಕ್ಕೆ ಅದು ಮುದುರಿತು. ಹಾಳೆ ಗಟ್ಟಿ ನಿಂತಿದೆ, ಈಗಲೂ ಕಚೇರಿಯ ಕಪಾಟಿನ ಮೇಲೆ ಇದೆ.

ಆ ಹಲಗೆಯ ಮೇಲೆ ಆಡಿಸಿದಾಗ ಸಿಕ್ಕಿದ್ದೇ ನನ್ನ ಮುಖ್ಯ ವಿಧಾನ. ಎಟಿಆರ್ ತಾನೇ ತಿರುಗಿ ಹೊರಗೆ ಹೋಗಬೇಕಾದರೆ ಪಕ್ಕದ ಜಾಗ ಖಾಲಿ ಇರಬೇಕು. ಮೊದಲು ಬಂದವನಿಗೆ ಮೊದಲ ಜಾಗ ಅಂತ ಕೊಟ್ಟರೆ ಏನಾಗುತ್ತೆ? ಇಪ್ಪತ್ತೈದು ನಿಮಿಷದಲ್ಲಿ ಹೊರಡುವ ಎಟಿಆರ್ ಪಕ್ಕ ಸಂಜೆವರೆಗೆ ಕೂರುವ ಬಾಡಿಗೆ ಜೆಟ್ ಬಂದು ನಿಲ್ಲುತ್ತೆ. ಎಟಿಆರ್ ತಿರುಗೋಕೆ ಆಗಲ್ಲ, ವಿಮಾನ ಎಳೆಯುವ ಗಾಡಿ, ಟಗ್, ಬೇಕು. ಟಗ್ ಇನ್ನೊಂದು ಕಡೆ ಇರುತ್ತೆ. ಅದಕ್ಕೆ ನಾನು ಬೆಳಿಗ್ಗೆಯೇ ಹೊರಡುವ ಸಾಲು ಬರೆಯುತ್ತೇನೆ. ಕಡೆಗೆ ಹೊರಡುವವನು ಮೂಲೆಗೆ. ಮೊದಲು ಹೊರಡುವವನು ರನ್‌ವೇಗೆ ಹೋಗುವ ದಾರಿಯ, ಅಂದರೆ ಟ್ಯಾಕ್ಸಿವೇ ಬಾಯಿಗೆ, ಅವನ ಪಕ್ಕ ಇನ್ನೂ ಊರು ಬಿಡದ ವಿಮಾನದ ಜಾಗ. ಅದು ಬರುವಷ್ಟರಲ್ಲಿ ಇವನು ಹೋಗಿರುತ್ತಾನೆ. "ಕಾಗದದ ಮೇಲೆ ಸರಿ ಮಾರಾಯ, ಮಂಜಿನ ದಿನ ನೋಡೋಣ" ಅಂದರು ಹಿರಿಯರೊಬ್ಬರು. ಮಂಜಿನ ದಿನವೇ ಇದು ಚೆನ್ನಾಗಿ ನಡೆದಿದ್ದು. ಬರುವ ಸಮಯ ಪೂರ್ತಿ ಕಲಸಿಹೋದರೂ ಯಾರು ಯಾರಿಗಿಂತ ಮೊದಲು ಹೊರಡುತ್ತಾರೆ ಅನ್ನೋದು ಅಷ್ಟಾಗಿ ಬದಲಾಗಲ್ಲ.

ಬಾಡಿಗೆ ವಿಮಾನಗಳ ಕಥೆ ಬೇರೆ. ಜನರನ್ನು ಇಳಿಸಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ನಿಲ್ಲಿ, ಸಂಜೆ ಬನ್ನಿ ಅನ್ನುತ್ತೇವೆ. ಜೆಟ್‌ನವರು ಒಪ್ಪುತ್ತಾರೆ. ಸಣ್ಣ ಪ್ರೊಪೆಲರ್ ವಿಮಾನವಾದ ಕಿಂಗ್ ಏರ್‌ನವರು ಜಗಳ ಆಡುತ್ತಾರೆ, ಖಾಲಿ ಹಾರಾಟದ ಖರ್ಚು ಅವರಿಗೆ ಭಾರ. ಸಿ ವರ್ಗದ ಒಂದು ವಿಮಾನ ನಿಲ್ಲುವ ಜಾಗ, ಅಂದರೆ ಒಂದು ಸಿ ಸ್ಟ್ಯಾಂಡ್‌ನಲ್ಲಿ ಎರಡು ಕಿಂಗ್ ಏರ್ ಕೂರಿಸೋಣ ಅಂದೆ. ಬಿ200 ಮಾದರಿಯ ಕಿಂಗ್ ಏರ್ ರೆಕ್ಕೆ 16.6 ಮೀಟರ್. ಎರಡಕ್ಕೆ 33.2. ನಡುವೆ ಮೂರು, ದೊಡ್ಡ ನೆರೆಯವನ ಕಡೆಗೆ ನಾಲ್ಕೂವರೆ. ಒಟ್ಟು 40.7. ಸ್ಟ್ಯಾಂಡ್ ಲೆಕ್ಕ 36 ಕೂಡಿಸು ನಾಲ್ಕೂವರೆ, 40.5. ಇಪ್ಪತ್ತು ಸೆಂಟಿಮೀಟರ್ ಕಡಿಮೆ ಬಿತ್ತು. ಅಲ್ಲಿಗೆ ಎಲ್ಲರೂ ಕೈ ಬಿಟ್ಟರು. ನಾನು ಹಾಳೆ ತೆಗೆದು ಒಂದನ್ನು ಮುಂದಕ್ಕೆ ಸರಿಸಿದೆ. ಕಿಂಗ್ ಏರ್ ಉದ್ದ ಹದಿಮೂರು ಮೀಟರ್ ಚಿಲ್ಲರೆ, ಸ್ಟ್ಯಾಂಡ್‌ನ ಆಳದಲ್ಲಿ ಜಾಗ ಬೇಕಾದಷ್ಟಿದೆ. ಒಂದು ಮುಂದೆ, ಒಂದು ಹಿಂದೆ ನಿಂತರೆ ರೆಕ್ಕೆ ತುದಿಗಳು ಒಂದೇ ಗೆರೆಗೆ ಬರೋದೇ ಇಲ್ಲ. ಕಡ್ಡಿ ಆರಾಮಾಗಿ ಕೂತಿತು. ಸುರಕ್ಷತೆಯ ಪರಿಶೀಲನೆ, ಸಹಿ, ಗುರುತು ಎಲ್ಲ ಆಗೋಕೆ ತಿಂಗಳುಗಳೇ ಹಿಡಿದವು. ಎಷ್ಟು ಮುಂದೆ, ಯಾವ ಕೋನ ಅನ್ನೋದನ್ನು ಇಲ್ಲಿ ಬರೆಯಲ್ಲ. ನಿಮ್ಮ ಏಪ್ರನ್‌ಗೆ ನೀವೇ ಕಡ್ಡಿ ಇಟ್ಟು ನೋಡಿ, ಸಿಗುತ್ತೆ.

ಕೈಕೊಟ್ಟಿದ್ದೂ ಇದೆ. ಪೇಂಟ್‌ಗೆ ಮೊದಲು ಸುಣ್ಣದ ಗೆರೆ ಹಾಕಿ ನೋಡಿದೆವು. ಮೇ ತಿಂಗಳ ಒಂದೇ ಅಡ್ಡಮಳೆಗೆ ಮಾಯ. ಕೋನ್ ಇಟ್ಟರೆ ಎಂಜಿನ್ ಗಾಳಿಗೆ ಹಾರಿತು. ಕೊನೆಗೆ ಪೇಂಟನ್ನೇ ಬಳಿದೆವು, ಮಳೆಗೆ ಮುಂಚೆ ಒಂದು ಸಲ, ಮಳೆ ಮುಗಿದ ಮೇಲೆ ಇನ್ನೊಂದು ಸಲ.

ದುಡ್ಡು ಜಾಸ್ತಿ ಕಳೆದದ್ದು ವಿಮಾನವನ್ನು ಟಗ್‌ಗೆ ಜೋಡಿಸುವ ಕಂಬಿ, ಅಂದರೆ ಟೋಬಾರ್‌ನಲ್ಲಿ. ಒಂದು ವಿಮಾನ ಕೆಟ್ಟು ನಿಂತಿತು. ಬಿಡಿಭಾಗ ಬೆಂಗಳೂರಿನಿಂದ ರಸ್ತೆಯಲ್ಲಿ ಬರಬೇಕು, ಹತ್ತಿರ ಹತ್ತಿರ 300 ಕಿಲೋಮೀಟರ್. ಅಷ್ಟರಲ್ಲಿ ಹೊತ್ತು ಮುಳುಗುತ್ತೆ, ಮಾರನೇ ದಿನಕ್ಕೂ ಜಾಗ ಹೋದಂತೆ. ಪಕ್ಕಕ್ಕೆ ಎಳೆಯೋಣ ಅಂದರೆ ಆ ಮಾದರಿಯ ಟೋಬಾರ್ ನಮ್ಮ ಹತ್ತಿರ ಇಲ್ಲ. ಕಂಪನಿಯವರು ಕಳಿಸುತ್ತೇವೆ ಅಂದರು, ಕಳಿಸಲಿಲ್ಲ. ಕೊನೆಗೆ ಬಳಸಿದ್ದೊಂದನ್ನು ನಾವೇ ತರಿಸಿಕೊಂಡೆವು. ಲಾರಿ ಬಾಡಿಗೆ ಸೇರಿ ಮೂರು ಲಕ್ಷದ ಆಸುಪಾಸು ಬಿತ್ತು. ಮೊದಲ ಸಲ ಒದ್ದೆ ಕಾಂಕ್ರೀಟ್ ಮೇಲೆ ಟಗ್ ಟೈರ್ ಜಾರಿ, ಬಾರ್ ಓರೆಯಾಗಿ, ಶಿಯರ್ ಪಿನ್ ಟಕ್ ಅಂತ ತುಂಡಾಯಿತು. ಪಿನ್ ಇರುವುದೇ ಅದಕ್ಕೆ, ಮೂತಿಯ ಚಕ್ರ ಉಳಿಯಿತು. ಆವತ್ತಿನಿಂದ ಪ್ರತಿ ಬಾರ್‌ಗೂ ಬಿಡಿ ಪಿನ್‌ಗಳನ್ನು ಡಬ್ಬಿಯಲ್ಲಿ ಗ್ರೀಸ್ ಹಚ್ಚಿ ಇಟ್ಟಿದ್ದೇವೆ. ಮೂರು ಲಕ್ಷ ದಂಡ ಅಂದವರಿಗೆ ಈಗ ನಾನು ಲೆಕ್ಕ ತೋರಿಸುತ್ತೇನೆ. ಬೇರೆ ಊರಿಗೆ ತಿರುಗಿಸಿದ ಒಂದು ವಿಮಾನದ ಪ್ರಯಾಣಿಕರಿಗೆ ಬಸ್ಸು, ಊಟ, ಕೋಣೆ ಮಾಡಿ ನೋಡಿ. ಅಂಥ ಎರಡು ಮೂರು ತಪ್ಪಿದರೆ ಬಾರ್‌ನ ಹಣ ವಾಪಸ್.

ಎಟಿಆರ್‌ಗೆ ಎಪಿಯು (ನಿಂತಾಗ ಕರೆಂಟ್ ಕೊಡುವ ಸಣ್ಣ ಎಂಜಿನ್) ಇಲ್ಲ, ಅದರ ಬದಲು ಪ್ರೊಪೆಲರ್ ತಿರುಗದಂತೆ ಹಿಡಿದು ಬಲಗಡೆ ಎಂಜಿನ್ ಹೋಟೆಲ್ ಮೋಡ್‌ನಲ್ಲಿ ಓಡಿಸುತ್ತಾರೆ. ಹಿಂದಿನಿಂದ ಜೋರು ಗಾಳಿ ಇದ್ದರೆ ಅದು ಆಗಲ್ಲ. ಮಳೆಗಾಲದಲ್ಲಿ ನಮ್ಮ ಗಾಳಿ ಪಡುವಣದ್ದು. ಆಗ ನೆಲದಿಂದ ಕರೆಂಟ್ ಕೊಡುವ ಗಾಡಿ, ಜಿಪಿಯು, ಎಟಿಆರ್ ಪಕ್ಕವೇ ಇರಬೇಕು. ಅದಕ್ಕೆ ಜುಲೈ, ಆಗಸ್ಟ್‌ನ ಸಾಲನ್ನು ನಾನು ಬೇರೆಯೇ ಬರೆಯುತ್ತೇನೆ. ಬೇಸಿಗೆಯ ಸಾಲು ಮಳೆಗಾಲಕ್ಕೆ ಒಗ್ಗಲ್ಲ.

ಇನ್ನೊಂದು ಪ್ರಯೋಗ ನನ್ನ ಸ್ವಂತದ್ದು. ಹವಾಮಾನ ವರದಿ ಅಧಿಕೃತ, ಅದನ್ನು ಬಿಟ್ಟು ಯಾವ ತೀರ್ಮಾನವೂ ಇಲ್ಲ. ಆದರೆ ಬೆಳಿಗ್ಗೆ ಆರೂವರೆಗೆ ತುಂಗಾ ಅಣೆಕಟ್ಟಿರುವ ಗಾಜನೂರಿನ ಚಿಕ್ಕಪ್ಪನಿಗೆ ಒಂದು ಫೋನ್ ಹಾಕುತ್ತೇನೆ.

"ಚಿಕ್ಕಪ್ಪ, ಡ್ಯಾಮ್ ಗೇಟ್ ಕಾಣ್ತಾ ಇದೆಯಾ?"

"ಗೇಟ್ ಎಲ್ಲಿಂದ ಬಂತೋ, ಎದುರಿನ ತೆಂಗಿನ ಮರವೇ ಇಲ್ಲ."

ಮರ ಇಲ್ಲ ಅಂದರೆ ಹತ್ತು ಗಂಟೆವರೆಗೆ ನಮ್ಮಲ್ಲೂ ಆಸೆ ಕಡಿಮೆ. ಆಗಲೇ ತಡವಾಗುವ ದಿನಕ್ಕೆಂದು ಬರೆದ ಎರಡನೇ ಪಟ್ಟಿ ತೆಗೆದು ಇಡುತ್ತೇನೆ, ಹೊರಡುವ ಊರಿನ ಸ್ಟೇಷನ್‌ಗೆ ಫೋನ್ ಮಾಡುತ್ತೇನೆ. ಬಾಗಿಲು ಹಾಕುವ ಮುಂಚೆ ಗೊತ್ತಾದರೆ ಅವರು ಅಲ್ಲೇ ಕಾಯುತ್ತಾರೆ. ಹಾರಿದ ಮೇಲೆ ಗೊತ್ತಾದರೆ ನಮ್ಮ ಕಾಲ ಮೇಲೆ ಬೀಳುತ್ತಾರೆ. ಯಾರಿಗೆ ಮೊದಲು ಫೋನ್, ಯಾರಿಗೆ ಕಡೆಗೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಮೊದಲು ಮಂಜಿನ ದಿನ ಟ್ಯಾಕ್ಸಿವೇಯಲ್ಲಿ ಕಾಯುವುದು ಇಪ್ಪತ್ತು ಇಪ್ಪತ್ತೈದು ನಿಮಿಷ ಆಗುತ್ತಿತ್ತು. ಈಗ ಐದು ದಾಟಿದರೆ ಹುಡುಗರೇ ನನ್ನ ಮುಖ ನೋಡುತ್ತಾರೆ. ಮಂಜಿನ ದಿನ ನೋಡೋಣ ಅಂದಿದ್ದ ಹಿರಿಯರು ಹೋದ ವರ್ಷ ಹಲಗೆಯ ಫೋಟೋ ಕೇಳಿ ತರಿಸಿಕೊಂಡರು. ನನಗೆ ಹೆಮ್ಮೆಯಾಯಿತು, ಮುಚ್ಚಿಡುವುದೇನಿದೆ.

ಉಳಿದಿರುವುದು ರಾತ್ರಿ ನಿಲ್ಲುವ ವಿಮಾನಗಳ ಲೆಕ್ಕ. ಬಾಲ ಒಳಗೆ, ಮೂತಿ ಹೊರಗೆ ನಿಲ್ಲಿಸಿದರೆ ಬೆಳಿಗ್ಗೆ ಟಗ್ ಬೇಕಾಗಲ್ಲ ಅನ್ನೋದು ನನ್ನ ಅಂದಾಜು. ಸಂಜೆ ಹಿಂದಕ್ಕೆ ತಳ್ಳುವಾಗ ಬಾಲದ ಹತ್ತಿರ ಇಬ್ಬರು ವಿಂಗ್ ವಾಕರ್ (ವಿಮಾನ ಯಾವುದಕ್ಕೂ ತಾಗದಂತೆ ಪಕ್ಕದಲ್ಲೇ ನಡೆದು ನೋಡುವವರು) ಜಾಸ್ತಿ ಬೇಕು, ಅವರ ಸಂಬಳ ಯಾರು ಕೊಡಬೇಕು ಅನ್ನೋ ಮಾತು ನಡೆಯುತ್ತಿದೆ. ಎಂಬ್ರೇಯರ್‌ನ ಹೊಸ ಹಾಳೆ ನೆನೆಯೋಕೆ ಹಾಕಿದ್ದೇನೆ. ನಿಮ್ಮಲ್ಲಿ ಯಾರಾದರೂ ಹಾಗೆ ನಿಲ್ಲಿಸಿ ನೋಡಿದ್ದರೆ ಬರೆಯಿರಿ, ಮುಖ್ಯವಾಗಿ ಮಳೆಯಲ್ಲಿ ಏನಾಯಿತು ಅಂತ.