ಮೈಸೂರಿಗೆ ಬಂದವರಿಗೆ ಮಾತಿನ ಕನ್ನಡ: ಉಚಿತ ತರಗತಿ ನಡೆಸುವ ಬಗೆ

ಹೊರರಾಜ್ಯಗಳಿಂದ ಮೈಸೂರಿಗೆ ದುಡಿಯಲು ಬಂದು ನಾಲ್ಕೈದು ವರ್ಷ ಕಳೆದವರಲ್ಲಿಯೂ ಅನೇಕರ ಬಾಯಿಂದ ತಡವರಿಕೆಯಿಲ್ಲದೆ ಹೊರಡುವ ಕನ್ನಡ ವಾಕ್ಯ ಒಂದೇ, ‘ಕನ್ನಡ ಗೊತ್ತಿಲ್ಲ’ ಎಂಬುದು. ಇದಕ್ಕೆ ಅವರ ಉದಾಸೀನವೇ ಕಾರಣವೆಂದು ತೀರ್ಮಾನಿಸುವುದು ನಮಗೆ ಸುಲಭ. ಆದರೆ ಎದುರಿನವರು ಒಂದು ಪದಕ್ಕೆ ತಡಕಾಡಿದ ಕೂಡಲೇ ನಮಗೆ ಬರುವ ಹರಕುಮುರುಕು ಹಿಂದಿಗೋ ಇಂಗ್ಲಿಷಿಗೋ ಹೊರಳಿಕೊಳ್ಳುವವರು ನಾವೇ. ಅದನ್ನು ಸೌಜನ್ಯವೆಂದೇ ಭಾವಿಸಿ ಮಾಡುತ್ತೇವೆ; ಕಲಿಯಬೇಕೆಂದಿದ್ದವರಿಗೆ ಸಿಕ್ಕ ಒಂದು ಅವಕಾಶವನ್ನು ಅದೇ ಸೌಜನ್ಯದಿಂದ ಕಿತ್ತುಕೊಳ್ಳುತ್ತೇವೆ. ಮಾತಿನ ಕನ್ನಡದ ತರಗತಿಯೆಂದರೆ ಮುಖ್ಯವಾಗಿ ವಾರಕ್ಕೆ ಒಂದೂವರೆ ಗಂಟೆಯ ಕಾಲ ಭಾಷೆ ಬದಲಾಯಿಸದೆ, ಉತ್ತರಕ್ಕಾಗಿ ಕಾಯುವ ಕೆಲವು ಕನ್ನಡಿಗರು ಸಿಗುವ ಜಾಗ. ಪುಸ್ತಕ, ಕಪ್ಪುಹಲಗೆ, ಪ್ರಮಾಣಪತ್ರಗಳೆಲ್ಲ ಆಮೇಲಿನ ಮಾತು.

ತರಗತಿಯ ವೇಳೆಯನ್ನು ನಮ್ಮ ಬಿಡುವನ್ನು ನೋಡಿ ಇಡಬಾರದು. ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ, ಕಡಕೊಳದ ಕಾರ್ಖಾನೆಗಳಲ್ಲಿ ದುಡಿಯುವವರ ಪಾಳಿ ವಾರವಾರಕ್ಕೂ ಬದಲಾಗುತ್ತಿರುತ್ತದೆ. ಕಟ್ಟಡದ ಕೆಲಸದವರಿಗೆ ಶನಿವಾರ ಸಂಜೆ ಬಟವಾಡೆಯಾದರೆ ಭಾನುವಾರ ಬೆಳಗ್ಗೆ ಬಟ್ಟೆ ಒಗೆಯುವುದು, ಸಂತೆ ಮಾಡುವುದು, ಊರಿಗೆ ಹಣ ಕಳುಹಿಸುವುದು ಇವುಗಳಲ್ಲೇ ಕಳೆಯುತ್ತದೆ. ಆದ್ದರಿಂದ ಭಾನುವಾರ ಮಧ್ಯಾಹ್ನ ನಾಲ್ಕರ ಮೇಲೆ ಇಡುವುದು ಒಳ್ಳೆಯದು. ಕ್ಷೌರದಂಗಡಿಗಳಲ್ಲಿ ಕೆಲಸ ಮಾಡುವವರಿಗೆ ಬಹುಮಟ್ಟಿಗೆ ಮಂಗಳವಾರವೇ ರಜೆ. ಹೋಟೆಲಿನವರಿಗೆ ಮಧ್ಯಾಹ್ನದ ಊಟದ ಗದ್ದಲ ಇಳಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಸಿಗುವ ಹೊತ್ತೇ ಬಿಡುವು, ದಸರೆಯ ದಿನಗಳಲ್ಲಿ ಅದೂ ಇಲ್ಲ. ಛಠ್ ಪೂಜೆ, ಹೋಳಿ, ಸುಗ್ಗಿ ಎಂದು ತಿಂಗಳುಗಟ್ಟಲೆ ಊರಿಗೆ ಹೋಗಿ ಬರುವವರೂ ಇರುತ್ತಾರೆ. ಹೀಗಾಗಿ ಹಿಂದಿನ ವಾರ ಬಾರದವರೂ ಈ ವಾರ ಬಂದು ಕೂರಬಹುದಾದಂತೆ ಪ್ರತಿ ಪಾಠವೂ ತನ್ನಷ್ಟಕ್ಕೆ ಮುಗಿಯಬೇಕು. ಹಾಜರಿ ಕರೆದು ಗೈರುಹಾಜರಾದವರನ್ನು ಪ್ರಶ್ನಿಸಿದರೆ ಮುಂದಿನ ವಾರ ಅವರು ಬರುವುದೇ ಇಲ್ಲ.

ಜಾಗವು ಕಲಿಯುವವರ ವಸತಿಗೆ ನಡೆದು ಹೋಗುವಷ್ಟು ಹತ್ತಿರವಿದ್ದರೆ ಸಾಕು. ಬಡಾವಣೆಯ ಸಮುದಾಯ ಭವನ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದ ಸರ್ಕಾರಿ ಶಾಲೆಯ ಕೋಣೆ, ಉದ್ಯಾನದ ಮಂಟಪ, ಯಾವುದಾದರೂ ಆದೀತು. ದೇವಾಲಯದ ಸಭಾಂಗಣ ಸುಲಭವಾಗಿ ಸಿಗುತ್ತದಾದರೂ ಒಳಗೆ ಬರಲು ಹಿಂಜರಿಯುವವರು ಇರುತ್ತಾರೆಂಬುದನ್ನು ಮರೆಯಬಾರದು. ಬೆಂಚುಗಳನ್ನು ಸಾಲಾಗಿ ಹಾಕದೆ, ಜಮಖಾನ ಹಾಸಿಯಾದರೂ ಸರಿ, ಎಲ್ಲರೂ ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಸುತ್ತಲೂ ಕೂರಬೇಕು. ಇಬ್ಬರು ಸ್ವಯಂಸೇವಕರಿಗೆ ಹತ್ತು ಹನ್ನೆರಡು ಮಂದಿ ಕಲಿಯುವವರಿದ್ದರೆ ಹದ.

ಹೆಸರು ಬರೆದುಕೊಳ್ಳುವಾಗ ಆಧಾರ್ ಕಾರ್ಡನ್ನಾಗಲಿ ಬೇರೆ ಯಾವ ದಾಖಲೆಯನ್ನಾಗಲಿ ಕೇಳಬೇಡಿ. ಹೊರಗಿನಿಂದ ಬಂದವರಿಗೆ ಕಾಗದ ಕೇಳುವ ಕಡೆಯೆಲ್ಲ ತೊಂದರೆಯ ವಾಸನೆ ಬರುತ್ತದೆ. ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯಗಳು ವಲಸೆ ಬಂದ ವಯಸ್ಕರಿಗೆ ಉಚಿತವಾಗಿ ನಡೆಸುವ ಇಂಗ್ಲಿಷ್ ತರಗತಿಗಳಲ್ಲಿಯೂ ವೀಸಾ ಇದೆಯೇ ಎಂದು ವಿಚಾರಿಸುವ ಪದ್ಧತಿಯಿಲ್ಲ. ಕರೆಯುವ ಹೆಸರು, ಫೋನ್ ನಂಬರು, ಮಾಡುವ ಕೆಲಸ, ಮನೆಯಲ್ಲಿ ಆಡುವ ಭಾಷೆ, ಇಷ್ಟು ಸಾಕು. ಕಲಿಯುವವರ ಫೋಟೊ ತೆಗೆದು ಎಲ್ಲೆಡೆ ಹಂಚುವ ಚಪಲವನ್ನೂ ಹತ್ತಿಕ್ಕಿಕೊಳ್ಳಬೇಕು. ಹೆಂಗಸರು ಬರಬೇಕಾದರೆ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಇರಲೇಬೇಕು. 1992ರಲ್ಲಿ ಕೆನಡಾ ಸರ್ಕಾರವು ಹೊಸದಾಗಿ ಬಂದು ನೆಲೆಸುವವರಿಗಾಗಿ ಉಚಿತ ಭಾಷಾ ತರಗತಿಗಳ ಯೋಜನೆಯನ್ನು ಆರಂಭಿಸಿತು. ಅಲ್ಲಿನ ಅನೇಕ ಕೇಂದ್ರಗಳಲ್ಲಿ ಪಕ್ಕದ ಕೋಣೆಯಲ್ಲಿ ಮಕ್ಕಳ ಪಾಲನೆಯ ಏರ್ಪಾಡೂ ಇರುತ್ತದೆ. ನಮ್ಮಲ್ಲಿ ಒಂದು ಚಾಪೆ, ನಾಲ್ಕು ಬಳಪ, ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ಇದ್ದರೆ ಆ ಏರ್ಪಾಡು ಆಯಿತು.

ಇನ್ನು ಪಾಠ. ನಾನು ಮೊದಲ ಸಲ ತರಗತಿ ತೆಗೆದುಕೊಂಡಾಗ ವರ್ಣಮಾಲೆಯಿಂದ ಆರಂಭಿಸಿದ್ದೆ. ಹಲಗೆಯ ಮೇಲೆ ಅಕ್ಷರಗಳನ್ನೆಲ್ಲ ಬರೆದು, ಒತ್ತಕ್ಷರದವರೆಗೂ ಹೋಗುವ ಉತ್ಸಾಹದಲ್ಲಿದ್ದೆ. ಮೂರನೆಯ ವಾರಕ್ಕೆ ಉಳಿದವರು ಮೂವರು, ಅವರಲ್ಲಿ ಒಬ್ಬರು ಚಹಾ ತಂದುಕೊಡುತ್ತಿದ್ದವರು. ಲಿಪಿ ಬೇಕು, ಆದರೆ ನಗರ ಸಾರಿಗೆ ಬಸ್ಸಿನ ಬೋರ್ಡನ್ನು ತಾವೇ ಓದಬೇಕೆಂಬ ಆಸೆ ಅವರಲ್ಲಿ ಹುಟ್ಟಿದಾಗ ಅದನ್ನು ಕಲಿಸಬಹುದು. ಮೊದಲ ದಿನ ಕಲಿಸಬೇಕಾದದ್ದು ಒಂದೇ ವಾಕ್ಯ: ‘ನಂಗೆ ಕನ್ನಡ ಸ್ವಲ್ಪ ಸ್ವಲ್ಪ ಬರುತ್ತೆ, ನಿಧಾನವಾಗಿ ಹೇಳಿ.’ ‘ಕನ್ನಡ ಗೊತ್ತಿಲ್ಲ’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಈ ವಾಕ್ಯದಿಂದ ಮಾತು ಮುಂದುವರಿಯುತ್ತದೆ, ಜೊತೆಗೆ ಎದುರಿನ ಕನ್ನಡಿಗರ ಮೇಲೂ ಒಂದು ಜವಾಬ್ದಾರಿ ಬೀಳುತ್ತದೆ. ಪ್ರತಿಯೊಬ್ಬರೂ ಪಕ್ಕದವರಿಗೆ ಇದನ್ನು ಹೇಳಿ ಹೇಳಿ ನಾಲಿಗೆ ಪಳಗುವವರೆಗೂ ಮುಂದಕ್ಕೆ ಹೋಗಬೇಡಿ. ‘ಬರುತ್ತದೆ’, ‘ಹೋಗುತ್ತೇನೆ’ ಎಂಬ ಬರಹದ ರೂಪಗಳನ್ನು ಕಲಿಸಿ ಆಮೇಲೆ ‘ಬರುತ್ತೆ’, ‘ಹೋಗ್ತೀನಿ’ ಎಂದು ತಿದ್ದುವುದು ದುಪ್ಪಟ್ಟು ಕೆಲಸ. ಈ ಲೇಖನವನ್ನು ನಾನು ಬರೆಯುತ್ತಿರುವ ಕನ್ನಡವನ್ನು ದೇವರಾಜ ಮಾರುಕಟ್ಟೆಯಲ್ಲಿ ಯಾರೂ ಆಡುವುದಿಲ್ಲ.

ಹಿಂದಿ ಬಲ್ಲವರಿಗೆ ಧೈರ್ಯ ತುಂಬಲು ಒಂದು ಉಪಾಯವಿದೆ. ಎರಡೂ ಭಾಷೆಗಳಲ್ಲಿ ಪದಗಳು ಬರುವ ಕ್ರಮ ಬಹುಪಾಲು ಒಂದೇ ಎಂಬುದನ್ನು ತೋರಿಸಿಕೊಡಬೇಕು. ‘ಮೈಂ ಕಲ್ ಘರ್ ಜಾಊಂಗಾ’ ಎಂಬುದರ ಒಂದೊಂದು ಪದವನ್ನೂ ಇದ್ದಲ್ಲಿಯೇ ಬದಲಿಸಿದರೆ ‘ನಾನು ನಾಳೆ ಮನೆಗೆ ಹೋಗ್ತೀನಿ’ ಸಿದ್ಧವಾಗುತ್ತದೆ. ‘ಮುಝೆ ಬುಖಾರ್ ಹೈ’ ಎನ್ನುವವರಿಗೆ ‘ನಂಗೆ ಜ್ವರ’ ಎಂಬುದರ ‘ಗೆ’ ವಿಚಿತ್ರವೆನಿಸುವುದಿಲ್ಲ. ಸಿಕ್ಕಿಬೀಳುವ ಜಾಗಗಳು ಬೇರೆ. ಹಿಂದಿಯ ‘ಕಲ್’ ನಿನ್ನೆಯೂ ಹೌದು ನಾಳೆಯೂ ಹೌದು. ಆದ್ದರಿಂದ ‘ನಾಳೆ ಬಂದಿದ್ದೆ’ ಎಂಬ ಮಾತನ್ನು ತಿಂಗಳುಗಟ್ಟಲೆ ಕೇಳಬೇಕಾಗುತ್ತದೆ. ಅವರ ‘ನಹೀಂ’ ಒಂದೇ ಇರುವ ಕಡೆ ನಮ್ಮಲ್ಲಿ ಇಲ್ಲ, ಅಲ್ಲ, ಬೇಡ ಎಂದು ಮೂರಿವೆ. ‘ಟೀ ಬೇಕಾ?’ ಎಂದರೆ ‘ಇಲ್ಲ’ ಎನ್ನುತ್ತಾರೆ, ‘ಇದು ನಿಮ್ಮ ಚೀಲಾನಾ?’ ಎಂದರೂ ‘ಇಲ್ಲ’. ಇದನ್ನು ವ್ಯಾಕರಣವಾಗಿ ವಿವರಿಸುವುದಕ್ಕಿಂತ ಒಂದು ಕೈಚೀಲದಲ್ಲಿ ಈರುಳ್ಳಿ, ಬಾಳೆಹಣ್ಣು, ಸೋಪು ಹಾಕಿ ತಂದು, ಒಂದೊಂದನ್ನೇ ತೆಗೆದು ‘ಇದು ಆಲೂಗಡ್ಡೆನಾ?’, ‘ನಿಮಗೆ ಬೇಕಾ?’, ‘ಚೀಲದಲ್ಲಿ ಇನ್ನೂ ಇದೆಯಾ?’ ಎಂದು ಕೇಳುತ್ತ ಹೋಗುವುದು ಮೇಲು. ಅರ್ಧ ಗಂಟೆಯಲ್ಲಿ ಮೂರೂ ತಮ್ಮ ತಮ್ಮ ಜಾಗಕ್ಕೆ ಕೂರುತ್ತವೆ.

ಉಚ್ಚಾರಣೆಯಲ್ಲಿ ಎಲ್ಲವನ್ನೂ ತಿದ್ದಲು ಹೋಗದೆ ಅರ್ಥ ಕೆಡುವುದನ್ನು ಮಾತ್ರ ಹಿಡಿಯಬೇಕು. ಹಿಂದಿಯವರಿಗೆ ಳಕಾರವೂ ಇಲ್ಲ, ನಮ್ಮಂತೆ ಹ್ರಸ್ವ ಎ, ಒಗಳನ್ನು ದೀರ್ಘದಿಂದ ಬೇರ್ಪಡಿಸುವ ರೂಢಿಯೂ ಇಲ್ಲ. ಒಡಿಶಾದವರಿಗೆ ಳಕಾರ ಮನೆಯದೇ, ಆದರೆ ಹ್ರಸ್ವ ದೀರ್ಘಗಳ ಅಂತರ ಹಿಡಿಯುವುದು ಕಷ್ಟ. ‘ಬೆಲೆ, ಬೆಳೆ, ಬೇಳೆ’ ಎಂಬ ಮೂರು ಪದಗಳಲ್ಲಿ ಈ ತೊಡಕೆಲ್ಲ ಅಡಗಿದೆ. ದಿನಸಿ ಅಂಗಡಿಯಲ್ಲಿ ‘ಅರ್ಧ ಕೆಜಿ ಬೆಲೆ ಕೊಡಿ’ ಎಂದವರಿಗೆ ಅಂಗಡಿಯವರು ಯಾವುದರ ಬೆಲೆ ಎಂದು ತಿರುಗಿ ಕೇಳದೆ ಇರುತ್ತಾರೆಯೇ? ‘ಘೋಡಾ’ ಎನ್ನುವಾಗ ನಾಲಿಗೆ ಎಲ್ಲಿ ಮಡಚಿಕೊಳ್ಳುತ್ತದೆಯೋ ಅಲ್ಲಿಯೇ ಇಟ್ಟು ‘ಲ’ ಅನ್ನಿ ಎಂದರೆ ಹಿಂದಿಯವರ ಬಾಯಲ್ಲಿ ‘ಳ’ ಹತ್ತಿರ ಹತ್ತಿರ ಬರುತ್ತದೆ.

ನಾನು ಅತ್ಯಂತ ಮುಖ್ಯವೆಂದು ತಿಳಿದಿರುವುದು ಮರ್ಯಾದೆಯ ಮಾತು. ಕೆಲಸದ ಜಾಗದಲ್ಲಿ ಮೇಸ್ತ್ರಿಯ ಬಾಯಿಂದ ಇವರು ದಿನವಿಡೀ ಕೇಳುವ ಕನ್ನಡವೆಂದರೆ ‘ಬಾ’, ‘ಹೋಗು’, ‘ತಗೊಂಡ್ ಬಾ’, ‘ಬೇಗ ಮಾಡು’. ತಮಗೆ ಆಡಿದ ಕನ್ನಡವನ್ನೇ ಅವರು ಕಲಿಯುತ್ತಾರೆ, ಕಲಿತದ್ದನ್ನೇ ಎಲ್ಲರಿಗೂ ಆಡುತ್ತಾರೆ. ನಮ್ಮ ತರಗತಿಗೆ ಬರುತ್ತಿದ್ದ ಒಬ್ಬ ಹುಡುಗ ಬಾಡಿಗೆ ಮನೆಯ ಯಜಮಾನಿಯ ಬಳಿ ಹೋಗಿ, ಬಹಳ ವಿನಯದಿಂದಲೇ, ‘ಬೀಗದ ಕೈ ಕೊಡು’ ಎಂದು ಕೈಚಾಚಿದ್ದಾನೆ. ಆಕೆ ಬೈದದ್ದು ಏಕೆಂದು ಅವನಿಗೆ ವಾರವಾದರೂ ಹೊಳೆದಿರಲಿಲ್ಲ. ಆದ್ದರಿಂದ ಮೊದಲ ಎರಡು ತಿಂಗಳು ‘ನೀವು’ ಮಾತ್ರ ಕಲಿಸಿ. ಬನ್ನಿ, ಕೊಡಿ, ಹೇಳಿ, ಕೂತ್ಕೊಳ್ಳಿ. ಮಗುವಿಗೆ ‘ಬನ್ನಿ’ ಎಂದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಕಂಡಕ್ಟರಿಗೆ ಸಾರ್, ಸೊಪ್ಪಿನವರಿಗೆ ಅಮ್ಮ ಅಥವಾ ಅಕ್ಕ, ಆಟೊದವರಿಗೆ ಅಣ್ಣ, ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಸ್ವಯಂಸೇವಕರೂ ಕಲಿಯುವವರನ್ನು ಬಹುವಚನದಲ್ಲಿಯೇ ಕರೆಯಬೇಕು. ಅನೇಕರಿಗೆ ಈ ಊರಿನಲ್ಲಿ ‘ಬನ್ನಿ, ಕೂತ್ಕೊಳ್ಳಿ’ ಎನ್ನಿಸಿಕೊಳ್ಳುವುದು ಅದೇ ಮೊದಲು.

ಉಳಿದ ಪಾಠಗಳನ್ನು ಅವರು ನಾಳೆ ನಿಲ್ಲಬೇಕಾದ ಜಾಗಗಳಿಂದ ಆರಿಸಿಕೊಳ್ಳಿ. ಸಂತೆಯ ಪಾಠಕ್ಕೆ ನಿಜವಾದ ಸೊಪ್ಪಿನ ಕಟ್ಟು, ತಕ್ಕಡಿ, ಚಿಲ್ಲರೆ ತನ್ನಿ. ‘ಬದನೆಕಾಯಿ ಹೇಗಮ್ಮ?’ ಎಂಬಲ್ಲಿ ‘ಹೇಗೆ’ ಎಂದರೆ ಬೆಲೆಯೆಂಬುದನ್ನು ಯಾವ ನಿಘಂಟೂ ಅವರಿಗೆ ತಿಳಿಸಿಕೊಡುವುದಿಲ್ಲ. ‘ಎರಡು ನೂರು’ ಎಂದು ಲೆಕ್ಕ ಹಾಕಿ ಹೇಳುವವರಿಗೆ ಇನ್ನೂರು, ಮುನ್ನೂರು, ನಾನೂರು, ಐನೂರು ಎಂಬುದನ್ನು ನೋಟು ಹಿಡಿದು ಉರು ಹೊಡೆಸಬೇಕು. ಕಾಲು ಕೆಜಿ, ಮುಕ್ಕಾಲು, ಒಂದೂವರೆ, ಮೊಳ ಹೂವು ಕೂಡ ಇಲ್ಲಿಯೇ ಬರುತ್ತವೆ. ಬಸ್ಸಿನ ಪಾಠದಲ್ಲಿ ಒಂದು ಸಂಗತಿಯನ್ನು ಹೆಂಗಸರಿಗೆ ಬಿಡಿಸಿ ಹೇಳಿ: 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇದ್ದವರಿಗೆ ಮಾತ್ರ. ‘ನಂದು ಬೇರೆ ರಾಜ್ಯದ ಆಧಾರ್, ಟಿಕೆಟ್ ಕೊಡಿ’ ಎಂದು ಮೊದಲೇ ಹೇಳಲು ಬಂದರೆ ತುಂಬಿದ ಬಸ್ಸಿನಲ್ಲಿ ಮುಜುಗರಪಡುವುದು ತಪ್ಪುತ್ತದೆ. ಕೆ.ಆರ್. ಆಸ್ಪತ್ರೆಗೋ ಚೆಲುವಾಂಬ ಆಸ್ಪತ್ರೆಗೋ ಹೋಗುವ ಪಾಠದಲ್ಲಿ ಚೀಟಿ ಮಾಡಿಸುವುದು, ಎಲ್ಲಿ ನೋವು, ಎಷ್ಟು ದಿನದಿಂದ ಎಂಬುದರ ಜೊತೆಗೆ ‘ಊಟಕ್ಕೆ ಮುಂಚೆ’, ‘ಊಟ ಆದ್ಮೇಲೆ’ ಎಂಬೆರಡನ್ನು ಖಾಲಿ ತಟ್ಟೆ ಇಟ್ಟುಕೊಂಡು ಅಭಿನಯಿಸಿ ತೋರಿಸಿ; ಇಲ್ಲಿ ತಪ್ಪು ತಿಳಿದರೆ ಮಾತ್ರೆಯ ಲೆಕ್ಕವೇ ತಪ್ಪುತ್ತದೆ. ಆಂಬ್ಯುಲೆನ್ಸಿಗೆ 108, ಪೊಲೀಸರಿಗೆ 112 ಎಂಬುದನ್ನೂ, ತಾವಿರುವ ಜಾಗವನ್ನು ಫೋನಿನಲ್ಲಿ ಕನ್ನಡದಲ್ಲಿ ವಿವರಿಸುವುದನ್ನೂ ಒಮ್ಮೆಯಾದರೂ ಆಡಿಸಿ ನೋಡಬೇಕು.

ಸ್ವಯಂಸೇವಕರ ಆಯ್ಕೆಯಲ್ಲಿ ಪಾಂಡಿತ್ಯವನ್ನು ನೋಡಬೇಕಾಗಿಲ್ಲ. ನಿವೃತ್ತ ಉಪಾಧ್ಯಾಯರು ಶ್ರದ್ಧೆಯಿಂದ ಬರುತ್ತಾರೆ, ಆದರೆ ವಾಕ್ಯ ಮುಗಿಯುವ ಮೊದಲೇ ತಿದ್ದುವ ಅಭ್ಯಾಸವನ್ನೂ ಜೊತೆಗೆ ತರುತ್ತಾರೆ. ನಾನೂ ಅದೇ ಜಾತಿಯವನಾದ್ದರಿಂದ ಹೇಳುತ್ತಿದ್ದೇನೆ. ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ತಪ್ಪು ಬಂದರೆ ಬೆರಳು ಮಾಡಿ ತೋರಿಸದೆ, ಸರಿಯಾದ ರೂಪವನ್ನು ನಿಮ್ಮ ಉತ್ತರದೊಳಗೇ ಸೇರಿಸಿ ಹೇಳಿ. ಅವರು ‘ನಾಳೆ ಬಂದಿದ್ದೆ’ ಎಂದರೆ ‘ಓ, ನಿನ್ನೆ ಬಂದಿದ್ರಾ?’ ಎಂದರೆ ಸಾಕು. ಏನು ಮಾಡಬೇಕೆಂದು ತಿಳಿಸಲು ಮೊದಲ ಐದು ನಿಮಿಷ ಹಿಂದಿ ಬಳಸಬಹುದು; ಆಮೇಲೆ ಬೇಡ. ಅಲ್ಲದೆ ಬಂಗಾಳದ ಹಳ್ಳಿಯವರಿಗೂ ತಮಿಳುನಾಡಿನವರಿಗೂ ಹಿಂದಿ ಬಂದೇ ಬರುತ್ತದೆಂದು ಊಹಿಸಿಕೊಳ್ಳುವುದು ತಪ್ಪು.

ತರಗತಿಯ ಹೊರಗೆ ಮಾಡಬೇಕಾದ ಒಂದು ಕೆಲಸವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಸುತ್ತಲಿನ ದಿನಸಿ ಅಂಗಡಿ, ಮೆಡಿಕಲ್ ಸ್ಟೋರು, ಹೂವಿನವರು, ಟೀ ಅಂಗಡಿಯವರಲ್ಲಿ ನೀವೇ ಹೋಗಿ, ‘ನಮ್ಮ ತರಗತಿಯವರು ಬಂದು ಕನ್ನಡದಲ್ಲಿ ಕೇಳ್ತಾರೆ, ದಯವಿಟ್ಟು ಹಿಂದಿಗೆ ತಿರುಗಬೇಡಿ, ಸ್ವಲ್ಪ ಕಾಯಿರಿ’ ಎಂದು ಕೇಳಿಕೊಳ್ಳಬೇಕು. ಬಳಿಕ ವಾರಕ್ಕೊಂದು ಕೆಲಸ ಹಚ್ಚಿ: ಒಂದು ಮೊಳ ಮಲ್ಲಿಗೆ ತರುವುದು, ಫೋನಿಗೆ ಕರೆನ್ಸಿ ಹಾಕಿಸುವುದು, ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿ ಬರುವುದು. ವ್ಯಾಪಾರದ ಅವಸರದಲ್ಲಿ ಎಲ್ಲರೂ ಮಾತು ಉಳಿಸಿಕೊಳ್ಳುವುದಿಲ್ಲ, ಆದರೆ ಉಳಿಸಿಕೊಳ್ಳುವ ನಾಲ್ಕು ಅಂಗಡಿಗಳಿದ್ದರೆ ಅವು ತರಗತಿಯ ಮುಂದುವರಿಕೆಯೇ ಆಗುತ್ತವೆ. ಓದು ಬರಹದವರೆಗೂ ಹೋಗಬಯಸುವವರು ಸಿಕ್ಕರೆ 1969ರಲ್ಲಿ ಸ್ಥಾಪನೆಯಾದ, ಮಾನಸಗಂಗೋತ್ರಿಯಲ್ಲಿರುವ ಭಾರತೀಯ ಭಾಷಾ ಸಂಸ್ಥಾನದಲ್ಲಿ ಕನ್ನಡ ಕಲಿಕೆಯ ಪುಸ್ತಕಗಳನ್ನು ವಿಚಾರಿಸಬಹುದು.

ಪ್ರತಿ ತರಗತಿಯ ಕೊನೆಯ ಹತ್ತು ನಿಮಿಷವನ್ನು, ಆ ವಾರ ಅವರ ಕಿವಿಗೆ ಬಿದ್ದು ಅರ್ಥವಾಗದೆ ಉಳಿದ ಮಾತುಗಳಿಗೆ ಮೀಸಲಿಡಿ ಮತ್ತು ಅವನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಮುಂದಿನ ಪಾಠ ಅಲ್ಲಿಂದಲೇ ಹುಟ್ಟುತ್ತದೆ. ‘ಊಟ ಆಯ್ತಾ?’ ಎಂದು ಕೇಳಿ ಊಟಕ್ಕೆ ಕರೆಯದೆ ಹೋದರೆಂದು ಒಬ್ಬರು ಬೇಸರಪಟ್ಟುಕೊಂಡಿದ್ದರು. ಇನ್ನೊಬ್ಬರು ರಜೆ ಕೇಳಿದಾಗ ಮಾಲೀಕರು ‘ನೋಡೋಣ’ ಎಂದರಂತೆ; ‘ಯಾವಾಗ ನೋಡುತ್ತಾರೆ?’ ಎಂದು ಅವರು ನಮ್ಮನ್ನು ಕೇಳಿದರು. ಅದರ ಅರ್ಥ ‘ಇಲ್ಲ’ ಎಂದು ಒಬ್ಬ ಸ್ವಯಂಸೇವಕರು ಹೇಳಿದರು, ಹಾಗೇನಿಲ್ಲ, ಇನ್ನೊಂದು ಸಲ ಕೇಳಲಿ ಎಂದರ್ಥ ಎಂದು ಮತ್ತೊಬ್ಬರು ಹೇಳಿದರು, ಮತ್ತು ಆ ದಿನ ತರಗತಿ ಅರ್ಧ ಗಂಟೆ ತಡವಾಗಿ ಬಿಟ್ಟಿತು.